ಮಾತನ್ನು ಹಿಂದಕ್ಕೆ ಪಡೆಯುವುದು

2018ರ ಜುಲೈ ತಿಂಗಳಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತ್ತು. ಕಟ್ಟೆ ತುಂಬಿದ ವರ್ಷ ಮಂಡ್ಯ ಸೀಮೆಯ ಜನಕ್ಕೆ ಲೋಕದ ವಿಚಾರಗಳನ್ನೆಲ್ಲ ಚರ್ಚಿಸುವಷ್ಟು ವಿರಾಮ ದೊರೆಯುತ್ತದೆ. ತುಂಬದ ವರ್ಷ ನಮಗಿರುವುದು ಒಂದೇ ವಿಚಾರ. ಆ ತಿಂಗಳ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ, ಮದ್ದೂರು ರೈಲ್ವೆ ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗಾಗಿ ಕಾದು ಕುಳಿತಿದ್ದ ನಾಲ್ಕೈದು ಮಂದಿ ಉಪಾಧ್ಯಾಯರ ನಡುವೆ ಬಿರುಸಾದ ವಾದವೊಂದು ಎದ್ದಿತು. ವಾದದ ವಸ್ತು, ಅಮೆರಿಕದ ಅಧ್ಯಕ್ಷರು.

ಸಂಗತಿಯನ್ನು ವಾಚಕರು ಮರೆತಿದ್ದರೆ ನೆನಪಿಸುತ್ತೇನೆ. ಜುಲೈ 16ರಂದು ಫಿನ್‌ಲೆಂಡಿನ ಹೆಲ್ಸಿಂಕಿ ನಗರದಲ್ಲಿ ರಷ್ಯದ ಅಧ್ಯಕ್ಷ ಪುಟಿನ್ನರ ಪಕ್ಕದಲ್ಲಿ ನಿಂತು ಡೊನಾಲ್ಡ್ ಟ್ರಂಪ್ ಒಂದು ಮಾತನ್ನಾಡಿದರು. 2016ರ ಅಮೆರಿಕದ ಚುನಾವಣೆಯಲ್ಲಿ ಕೈಯಾಡಿಸಿದ್ದು ರಷ್ಯವೇ ಎಂದು ಅವರದೇ ಸರ್ಕಾರದ ಬೇಹುಗಾರಿಕೆಯ ಸಂಸ್ಥೆಗಳು ಹೇಳಿದ್ದವು. ಅದು ರಷ್ಯವೇ ಆಗಿರಲು ಕಾರಣವೇನೂ ತಮಗೆ ಕಾಣದು ಎಂದು ಅಧ್ಯಕ್ಷರು ನುಡಿದರು. ಅಮೆರಿಕದಲ್ಲಿ ಕೋಲಾಹಲವೆದ್ದಿತು, ಅವರ ಸ್ವಂತ ಪಕ್ಷದವರೇ ಕೆಲವರು ಮುಖ ತಿರುಗಿಸಿದರು. ಮರುದಿನ ವಾಷಿಂಗ್ಟನ್ನಿನಲ್ಲಿ, ಬರೆದ ಹಾಳೆಯನ್ನು ಎದುರಿಗಿಟ್ಟುಕೊಂಡು, ತಾವು ‘ವುಡ್’ ಎಂದದ್ದು ತಪ್ಪಾಯಿತು, ‘ವುಡಂಟ್’ ಎನ್ನಬೇಕಾಗಿತ್ತು ಎಂದು ತಿದ್ದಿಕೊಂಡರು.

ನಮ್ಮ ಬೆಂಚಿನ ಮೇಲಿದ್ದ ಇಂಗ್ಲಿಷ್ ಪಾಠದ ಮಿತ್ರರು, ಹೀಗೆ ನಾಲಿಗೆ ಹೊರಳುವುದು ಯಾರಿಗೂ ಸಹಜ ಎಂದರು. ಗಣಿತದವರು, ಹೊರಳಿದ ನಾಲಿಗೆ ನೆಟ್ಟಗಾಗಲು ಒಂದು ಹಗಲು ಒಂದು ರಾತ್ರಿ ಬೇಕಾಯಿತೇ ಎಂದು ಕೇಳಿದರು. ಮೂರನೆಯವರು, ತಿದ್ದಿಕೊಂಡದ್ದೇ ದೊಡ್ಡದು, ನಮ್ಮವರು ಅಷ್ಟೂ ಮಾಡುವುದಿಲ್ಲ ಎಂದರು. ವಡೆಯ ಬುಟ್ಟಿ ಹೊತ್ತು ಹೋಗುತ್ತಿದ್ದವನು ಅರೆಕ್ಷಣ ನಿಂತು, “ಯಾರ್ ಸಾ ಮಾತ್ ತಿರುಗ್ಸಿದ್ದು, ನಮ್ ಎಮ್ಮೆಲ್ಲೆಯೋರಾ?” ಎಂದು ವಿಚಾರಿಸಿದ. ಅಮೆರಿಕದ ಅಧ್ಯಕ್ಷರು ಎಂದು ತಿಳಿದ ಮೇಲೆ ಅವನಿಗೆ ಆಸಕ್ತಿ ಉಳಿಯಲಿಲ್ಲ.

ನಾನು ಕನ್ನಡ ಕಲಿಸಿ ಹೊಟ್ಟೆ ಹೊರೆದವನು. ನನಗೆ ಆ ಹೊತ್ತು ತೋರಿದ್ದು ವ್ಯಾಕರಣದ ವಿಚಾರ. ಇಂಗ್ಲಿಷಿನಲ್ಲಿ ಹೌದಿಗೂ ಅಲ್ಲಕ್ಕೂ ನಡುವೆ ಇರುವುದು ಒಮ್ಮೊಮ್ಮೆ ಅರ್ಧ ಉಸಿರಿನ ಅಂತರ, ನುಂಗಿಕೊಂಡರೂ ಸಾಗುತ್ತದೆ. ಕನ್ನಡದಲ್ಲಿ ಹಾಗಲ್ಲ. ನಮ್ಮ ನಿಷೇಧ ವಾಕ್ಯದ ತುದಿಯಲ್ಲಿ ಬಾಗಿಲು ಕಾಯುವವನಂತೆ ಕುಳಿತಿರುತ್ತದೆ. ‘ರಷ್ಯವೇ ಆಗಿರಬಹುದು’, ‘ರಷ್ಯವೇ ಆಗಿರಲಾರದು’ — ಇವೆರಡರಲ್ಲಿ ಒಂದನ್ನು ಆಡಹೋಗಿ ಇನ್ನೊಂದನ್ನು ಆಡಿದೆ ಎಂದರೆ ನಂಬುವವರು ದೊರೆಯುವುದು ಕಷ್ಟ. ಆದ್ದರಿಂದಲೇ ನಮ್ಮ ನಾಡಿನ ಮುಂದಾಳುಗಳು ಬಾಯಿ ತಪ್ಪಿತು ಎಂಬ ನೆಪವನ್ನು ಹೆಚ್ಚಾಗಿ ಹೂಡುವುದಿಲ್ಲ. ಅವರದು ಬೇರೆ ಎರಡು ಸೂತ್ರಗಳು. ಮೊದಲನೆಯದು, ‘ನನ್ನ ಮಾತನ್ನು ತಿರುಚಲಾಗಿದೆ’. ಈ ಕರ್ಮಣಿ ಪ್ರಯೋಗದಲ್ಲಿ ತಿರುಚಿದವನು ಯಾರೆಂಬುದು ಎಂದೂ ತಿಳಿಯುವುದಿಲ್ಲ. ಎರಡನೆಯದು, ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’. ಇಲ್ಲಿ ‘ಆಗಿದ್ದರೆ’ ಎಂಬ ಪಕ್ಷಾರ್ಥಕದ ಮೇಲೆ ಇಡೀ ಕ್ಷಮಾಪಣೆಯ ಭಾರವಿದೆ. ನೋವು ಆಗಿದೆಯೋ ಇಲ್ಲವೋ ಎಂಬುದನ್ನು ಸಿದ್ಧಪಡಿಸುವ ಹೊಣೆ ನೊಂದವನದು.

ಇಷ್ಟಾದರೂ ಮಾತನ್ನು ಹಿಂದಕ್ಕೆ ಪಡೆಯುವವನನ್ನು ಕಂಡರೆ ನಮಗೇಕೆ ತಾತ್ಸಾರ? ಇದರ ಬೇರು ನಮ್ಮ ಭಾಷೆಯಲ್ಲಿಯೇ ಇದೆಯೆಂದು ನನ್ನ ಊಹೆ. ಕನ್ನಡದಲ್ಲಿ ‘ಮಾತು’ ಎಂಬ ಒಂದೇ ಶಬ್ದ ಎರಡು ಕೆಲಸ ಮಾಡುತ್ತದೆ. ಕೊಟ್ಟ ಮಾತು ಎಂದರೆ ವಚನ. ಆಡಿದ ಮಾತು ಎಂದರೆ ಅಭಿಪ್ರಾಯ. ಹರಿಶ್ಚಂದ್ರನ ಕಥೆಯನ್ನೂ ಪುಣ್ಯಕೋಟಿಯ ಕಥೆಯನ್ನೂ ಕೇಳಿ ಬೆಳೆದ ನಮಗೆ ಕೊಟ್ಟ ಮಾತಿಗೆ ತಪ್ಪುವುದು ಮಹಾಪಾತಕ. ಆ ಪಾತಕದ ನೆರಳು, ಗೊತ್ತಿಲ್ಲದೆಯೇ, ಅಭಿಪ್ರಾಯವನ್ನು ತಿದ್ದಿಕೊಂಡವನ ಮೇಲೂ ಬೀಳುತ್ತದೆ. ನಿನ್ನೆ ಹೀಗೆಂದ, ಇಂದು ಹಾಗೆನ್ನುತ್ತಾನೆ, ಮಾತು ತಪ್ಪಿದ ಮನುಷ್ಯ — ಎಂದುಬಿಡುತ್ತೇವೆ. ವಚನಕ್ಕೆ ತಪ್ಪುವುದೂ ತಪ್ಪು ತಿಳಿವಳಿಕೆಯನ್ನು ಬಿಡುವುದೂ ಒಂದೇ ಅಲ್ಲವೆಂಬುದು ತರ್ಕಕ್ಕೆ ಗೊತ್ತು, ಕಿವಿಗೆ ಗೊತ್ತಿಲ್ಲ.

ಇನ್ನು, ಮಾತನ್ನು ಹಿಂದಕ್ಕೆ ಪಡೆಯದವರ ವಿಚಾರ. ಈ ಬಗೆಯ ಪರೀಕ್ಷೆ ನಮ್ಮ ಮಂಡ್ಯದಲ್ಲಿಯೇ ಒಮ್ಮೆ ನಡೆದದ್ದುಂಟು.

2016ರ ಆಗಸ್ಟಿನಲ್ಲಿ ಅಂದಿನ ರಕ್ಷಣಾ ಮಂತ್ರಿ ಮನೋಹರ ಪರಿಕ್ಕರ್ ಅವರು ಪಾಕಿಸ್ತಾನಕ್ಕೆ ಹೋಗುವುದೆಂದರೆ ನರಕಕ್ಕೆ ಹೋದಂತೆ ಎಂದಿದ್ದರು. ಅದೇ ದಿನಗಳಲ್ಲಿ ಮಂಡ್ಯದ ಮಾಜಿ ಲೋಕಸಭಾ ಸದಸ್ಯೆ, ಚಿತ್ರನಟಿ ರಮ್ಯಾ, ಸಾರ್ಕ್ ದೇಶಗಳ ಯುವ ಶಾಸಕರ ಸಮಾವೇಶಕ್ಕೆಂದು ಇಸ್ಲಾಮಾಬಾದಿಗೆ ಹೋಗಿ ಬಂದಿದ್ದರು. ಮಂಡ್ಯದಲ್ಲಿ ಮಾತನಾಡುತ್ತ, ಪಾಕಿಸ್ತಾನ ನರಕವಲ್ಲ, ಅಲ್ಲಿಯ ಜನ ನಮ್ಮಂತೆಯೇ ಇದ್ದಾರೆ, ನಮ್ಮನ್ನು ಚೆನ್ನಾಗಿ ನೋಡಿಕೊಂಡರು ಎಂಬರ್ಥದಲ್ಲಿ ಹೇಳಿದರು. ಇಷ್ಟೇ. ಕೊಡಗಿನ ಸೋಮವಾರಪೇಟೆಯ ನ್ಯಾಯಾಲಯದಲ್ಲಿ ರಾಜದ್ರೋಹದ ಖಾಸಗಿ ದೂರು ದಾಖಲಾಯಿತು. ಮಂಗಳೂರಿನಲ್ಲಿ ಅವರ ಕಾರಿಗೆ ಮೊಟ್ಟೆ ಎಸೆದರು. ಕ್ಷಮೆ ಕೇಳಬೇಕೆಂಬ ಒತ್ತಾಯ ನಾಲ್ಕೂ ಕಡೆಯಿಂದ ಬಂತು. ಅವರು ಕೇಳಲಿಲ್ಲ.

ಆ ದಿನಗಳಲ್ಲಿ ಮಂಡ್ಯದ ಕಾಫಿ ಹೋಟೆಲುಗಳಲ್ಲಿ ಕೇಳಿದ ಮಾತುಗಳು ನನಗಿನ್ನೂ ನೆನಪಿವೆ. ಸೈನಿಕರು ಗಡಿಯಲ್ಲಿ ಸಾಯುತ್ತಿರುವಾಗ ಈ ಮಾತು ಬೇಕಿತ್ತೇ ಎಂದವರಲ್ಲಿ ಮಗನನ್ನೋ ಅಳಿಯನನ್ನೋ ಸೈನ್ಯಕ್ಕೆ ಕಳುಹಿಸಿದವರಿದ್ದರು. ಅವರ ನೋವನ್ನು ನಾನು ಹಗುರಾಗಿ ಎಣಿಸಲಾರೆ. ಆದರೆ ಅವರು ಬಯಸಿದ ಕ್ಷಮಾಪಣೆಯ ಸ್ವರೂಪವೇನು ಎಂದು ಯೋಚಿಸಿದರೆ ತೊಡಕು ಕಾಣುತ್ತದೆ. ಆ ಮಹಿಳೆ ಆಡಿದ್ದು ಒಂದು ಸರ್ಕಾರದ ಹೊಗಳಿಕೆಯಲ್ಲ, ಸೈನ್ಯದ ಹೊಗಳಿಕೆಯಲ್ಲ. ತಾನು ಕಂಡ ಕೆಲವು ಜನರ ನಡವಳಿಕೆಯ ವರದಿ. ಅದನ್ನು ಹಿಂದಕ್ಕೆ ಪಡೆಯಬೇಕಾದರೆ, ‘ಅವರು ನನ್ನನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ’ ಎಂದು ಸುಳ್ಳು ಹೇಳಬೇಕು. ಸುಳ್ಳನ್ನು ತಿದ್ದಿಕೊಳ್ಳುವುದಕ್ಕೆ ಕ್ಷಮಾಪಣೆ ಎನ್ನಬಹುದು. ಕಂಡದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಆ ಹೆಸರು ಒಪ್ಪುವುದಿಲ್ಲ. ಕಾನೂನಿನ ಮಾತಾದರೋ, 1962ರ ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು, ಹಿಂಸೆಗೋ ಸಾರ್ವಜನಿಕ ಅಶಾಂತಿಗೋ ಪ್ರಚೋದನೆಯಿಲ್ಲದ ಮಾತು ರಾಜದ್ರೋಹವಾಗದು ಎಂದು ಎಲ್ಲೆ ಹಾಕಿತ್ತು. ಆ 124-ಎ ಕಲಮನ್ನು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಅಮಾನತಿನಲ್ಲಿಟ್ಟಿತು. 2024ರ ಜುಲೈಯಿಂದ ಹಳೆಯ ದಂಡಸಂಹಿತೆಯೇ ಹೋಗಿ ಹೊಸದು ಬಂತು, ಬೇರೆ ಮಾತುಗಳಲ್ಲಿ ಬೇರೆ ಕಲಮಿನೊಡನೆ.

ಒಂದು ಸೋಜಿಗವನ್ನು ಇಲ್ಲಿಯೇ ಹೇಳಿಬಿಡಬೇಕು. ಅದಕ್ಕೆ ನಾಲ್ಕು ವರ್ಷ ಹಿಂದೆ, 2012ರ ಸೆಪ್ಟೆಂಬರಿನಲ್ಲಿ, ಇದೇ ಜಿಲ್ಲೆಯ ಇನ್ನೊಬ್ಬರು ಇಸ್ಲಾಮಾಬಾದಿಗೆ ಹೋಗಿದ್ದರು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್. ಎಂ. ಕೃಷ್ಣ. ಅಂದು ಅವರು ಭಾರತದ ವಿದೇಶಾಂಗ ಮಂತ್ರಿ. ಎರಡು ದೇಶಗಳ ನಡುವೆ ವೀಸಾ ನಿಯಮಗಳನ್ನು ಸಡಿಲಿಸುವ ಒಪ್ಪಂದಕ್ಕೆ ಅಲ್ಲಿ ಸಹಿ ಹಾಕಿ ಬಂದರು. 65 ವರ್ಷ ದಾಟಿದವರಿಗೆ ಅಟಾರಿ ಗಡಿಯಲ್ಲಿಯೇ ವೀಸಾ ಕೊಡುವ ಏರ್ಪಾಟು ಅದರಲ್ಲಿತ್ತು. ನರಕಕ್ಕೆ ಮುದುಕರನ್ನು ಕಳುಹಿಸುವ ಒಪ್ಪಂದ ಎಂದು ಯಾರೂ ಅನ್ನಲಿಲ್ಲ. ಒಂದೇ ವಿಚಾರ ಸರ್ಕಾರದ ಕಾಗದದ ಮೇಲೆ ಬಂದಾಗ ರಾಜನೀತಿ, ವೇದಿಕೆಯ ಮೇಲೆ ಒಂದು ಹೆಣ್ಣುಮಗಳ ಬಾಯಿಂದ ಬಂದಾಗ ದ್ರೋಹ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ಹತ್ಯಾಕಾಂಡ ನಡೆದ ಮೇಲೆ ಪಾಕಿಸ್ತಾನೀಯರ ವೀಸಾಗಳು ರದ್ದಾದವು, ಅಟಾರಿಯ ಬಾಗಿಲೂ ಮುಚ್ಚಿತು. 2016ರ ಆ ಮಾತನ್ನು ಆಡುವುದು ಇಂದು ಆಗಿಗಿಂತಲೂ ಕಷ್ಟ. ಕಷ್ಟವಾದ ಮಾತ್ರಕ್ಕೆ ಅಂದು ಕಂಡದ್ದು ಸುಳ್ಳಾಗಲಿಲ್ಲ.

ಆ ಗದ್ದಲ ಆರುವ ಮೊದಲೇ ಮಂಡ್ಯಕ್ಕೆ ತನ್ನ ಹತ್ತಿರದ ಎದುರಾಳಿ ನೆನಪಾಯಿತು. 2016ರ ಸೆಪ್ಟೆಂಬರ್ 5ರಂದು, ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. 12ರಂದು ಅದನ್ನು 12,000ಕ್ಕೆ ತಿದ್ದಿ 20ರ ತನಕ ವಿಸ್ತರಿಸಿತು. ಹೆದ್ದಾರಿ ಮುಚ್ಚಿತು, ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಪಾಕಿಸ್ತಾನ ನಮ್ಮ ಜನಕ್ಕೆ ಪತ್ರಿಕೆಯ ಸುದ್ದಿ. ಕಾವೇರಿಯ ಕೆಳದಂಡೆಯವರು ಹಾಗಲ್ಲ. ಮಳವಳ್ಳಿ ಸೀಮೆಯ ರೈತನನ್ನು ನೆನೆಯಿರಿ: ಶಿವನಸಮುದ್ರದಲ್ಲಿ ಹೊಳೆ ಅವನ ಕಣ್ಣೆದುರಿಗೇ ಧುಮುಕಿ ಕಂದರಕ್ಕಿಳಿದು ತಮಿಳು ನಾಡಿನ ದಾರಿ ಹಿಡಿಯುತ್ತದೆ, ಆ ಧುಮುಕಿನಿಂದ 1902ರಷ್ಟು ಹಿಂದೆಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು, ಅವನ ಗದ್ದೆಯಾದರೋ ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದ್ದು, ನೀರು ಬಂದೀತೇ ಎಂದು ತೂಬಿನ ಕಡೆ ನೋಡುತ್ತ ಕೂರಬೇಕು. ಅವನ ಸಿಟ್ಟಿಗೆ ಕಾರಣವುಂಟು.

ಈ ಸಿಟ್ಟಿನ ಮೇಲೆಯೇ ಕ್ಷಮಾಪಣೆಗಳ ಒಂದು ಸಣ್ಣ ಸಂತೆ ಕಟ್ಟಿದೆ. 2008ರ ಹೊಗೇನಕಲ್ ವಿವಾದದಲ್ಲಿ ಚೆನ್ನೈನ ಉಪವಾಸದ ವೇದಿಕೆಯಿಂದ ರಜನೀಕಾಂತ್ ಬಿರುಸಾಗಿ ಮಾತನಾಡಿದರು; ಕೆಲವೇ ತಿಂಗಳ ಮೇಲೆ ಅವರ ಚಿತ್ರ ಕರ್ನಾಟಕದಲ್ಲಿ ಬಿಡುಗಡೆಯಾಗಬೇಕಾದಾಗ ವಿಷಾದ ಬಂತು. ಆಗ ಅವರನ್ನು ಹಳಿದವರು ನಾವಲ್ಲ, ತಮಿಳುನಾಡಿನ ಅವರ ಸಹನಟರೇ. ಸತ್ಯರಾಜ್ ಆಗ ಆಡಿದ್ದ ಮಾತಿನ ಲೆಕ್ಕ ತೀರಿದ್ದು ಒಂಬತ್ತು ವರ್ಷದ ಮೇಲೆ, 2017ರ ಏಪ್ರಿಲಿನಲ್ಲಿ, ‘ಬಾಹುಬಲಿ’ಯ ಎರಡನೆಯ ಭಾಗ ತೆರೆಗೆ ಬರಲು ವಾರವಿದ್ದಾಗ. ಅವರು ಹೇಳಿದ ರೀತಿಯಲ್ಲಿ ನನಗೆ ಒಂದು ಗೌರವ ಉಳಿದಿದೆ: ಕನ್ನಡಿಗರನ್ನು ನೋಯಿಸಿದ ಶಬ್ದಗಳಿಗೆ ವಿಷಾದಿಸಿದರು, ತಮಿಳರ ಪರವಾಗಿ ಮುಂದೆಯೂ ಮಾತನಾಡುತ್ತೇನೆ, ಅದರಿಂದ ತೊಂದರೆಯೆಂದು ಕಾಣುವ ನಿರ್ಮಾಪಕರು ನನ್ನನ್ನು ಕರೆಯಬೇಡಿ ಎಂದೂ ಸೇರಿಸಿದರು. ಯಾವುದನ್ನು ಹಿಂದಕ್ಕೆ ಪಡೆಯುತ್ತೇನೆ, ಯಾವುದನ್ನು ಪಡೆಯುವುದಿಲ್ಲ ಎಂಬ ಗೆರೆ ಅಲ್ಲಿ ಸ್ಪಷ್ಟವಾಗಿತ್ತು. ಆದರೂ ಚಿತ್ರದ ಪೆಟ್ಟಿಗೆಯನ್ನು ಒತ್ತೆಯಿಟ್ಟುಕೊಂಡು ಪಡೆದ ಕ್ಷಮೆಯಿಂದ ನಮಗೆ ದೊರೆತದ್ದೇನೆಂದು ಕೇಳಿದರೆ, ಎರಡೂವರೆ ಗಂಟೆಯ ಮನರಂಜನೆ ಎನ್ನಬೇಕಾದೀತು.

2025ರಲ್ಲಿ ಕಮಲಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತೆಂದರು. ಕ್ಷಮೆ ಕೇಳೆಂದು ನಾಡೆಲ್ಲ ಕೂಗಿತು. ಉಚ್ಚ ನ್ಯಾಯಾಲಯವೂ ಒಂದು ಕ್ಷಮೆಯಿಂದ ಮುಗಿಯುವ ಮಾತಲ್ಲವೇ ಎಂಬ ಧಾಟಿಯಲ್ಲಿ ನುಡಿಯಿತು. ಅವರು ಒಪ್ಪಲಿಲ್ಲ, ಚಿತ್ರ ಇಲ್ಲಿ ಬರಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟು, ಕ್ಷಮೆ ಕೇಳಿಸುವುದು ನ್ಯಾಯಾಲಯದ ಕೆಲಸವಲ್ಲವೆಂದಿತು. ಈ ಪ್ರಕರಣದಲ್ಲಿ ಕನ್ನಡದ ಉಪಾಧ್ಯಾಯನಾಗಿ ನನ್ನ ದೂರು ಎರಡೂ ಕಡೆಯವರ ಮೇಲಿದೆ. ಕನ್ನಡ, ತಮಿಳು ಎರಡೂ ಮೂಲದ್ರಾವಿಡದ ಕುಡಿಗಳು. ಸೋದರಿಯರೇ ಹೊರತು ತಾಯಿ ಮಗಳಲ್ಲ. ಐದನೆಯ ಶತಮಾನದ ಹಲ್ಮಿಡಿ ಶಾಸನದ ಕಾಲಕ್ಕೇ ಕನ್ನಡ ಕಲ್ಲಿನ ಮೇಲೆ ತನ್ನ ಕಾಲಿನಲ್ಲಿ ನಿಂತಿತ್ತು. ಅವರ ಮಾತು ಅಪರಾಧವಲ್ಲ, ತಪ್ಪು. ತಪ್ಪಿಗೆ ಬೇಕಾದದ್ದು ತಿದ್ದುಪಡಿ. ಕ್ಷಮೆ ಕೇಳು ಎಂದು ಕೂಗಿದ ನಾವು, ಓದಿ ನೋಡು ಎನ್ನಬೇಕಾಗಿತ್ತು. ಹಾಗೆನ್ನಬೇಕಾದರೆ ನಾವೂ ಓದಿರಬೇಕಾಗುತ್ತದೆ, ಅದೇ ಕಷ್ಟವಾಯಿತೇನೋ.

ಅಧಿಕಾರದಲ್ಲಿರುವವರ ಹಿಂತೆಗೆತ ಇದಕ್ಕಿಂತ ಜಟಿಲ. 2002ರಲ್ಲಿ ಇದೇ ಎಸ್. ಎಂ. ಕೃಷ್ಣ ಮುಖ್ಯಮಂತ್ರಿ. ಮಳೆ ಕೈಕೊಟ್ಟಿತ್ತು, ನೀರು ಬಿಡಬೇಕೆಂದು ಸುಪ್ರೀಂ ಕೋರ್ಟಿನ ಆಜ್ಞೆಯಿತ್ತು. ಕೃಷ್ಣ ನೀರು ನಿಲ್ಲಿಸಿದರು. ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಮಂಡ್ಯದವರೆಗೆ ಪಾದಯಾತ್ರೆ ಮಾಡಿದರು. ತಮಿಳುನಾಡು ನ್ಯಾಯಾಲಯ ನಿಂದನೆಯ ದೂರು ತಂದಿತು. ನೀರು ಮತ್ತೆ ಹರಿಯಿತು. ಸುಪ್ರೀಂ ಕೋರ್ಟಿಗೆ ಬೇಷರತ್ ಕ್ಷಮಾಪಣೆ ಸಲ್ಲಿತು. ತಮ್ಮ ಊರಿನವನೇ ಸೋತನೆಂದು ಮದ್ದೂರಿನ ಎಷ್ಟೋ ಮಂದಿ ಮುಖ ಸಣ್ಣದು ಮಾಡಿಕೊಂಡರು. ನಾನೂ ಅವರಲ್ಲೊಬ್ಬ. ಇಂದು ನೋಡಿದರೆ, ಅವರು ಹಿಂದಕ್ಕೆ ಪಡೆದದ್ದು ಅವಿಧೇಯತೆಯನ್ನು ಮಾತ್ರ. ಕರ್ನಾಟಕಕ್ಕೆ ನೀರು ಸಾಲದೆಂಬ ವಾದವನ್ನಲ್ಲ. ಆ ವಾದ ನ್ಯಾಯಮಂಡಳಿಯ ಮುಂದೆ, ಬಳಿಕ ಸುಪ್ರೀಂ ಕೋರ್ಟಿನ ಮುಂದೆ ಮುಂದುವರಿದು, 2018ರ ಫೆಬ್ರವರಿ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ಹೆಚ್ಚಾಗಿ ದೊರೆಯಿತು. ಕ್ಷಮೆ ಕೇಳಿದ ಬಾಯಿ ಮುಚ್ಚಿಹೋಗುತ್ತದೆಂಬ ನಮ್ಮ ಭಯ ಸುಳ್ಳಾಯಿತು.

ಇದಕ್ಕೆ ಹಳೆಯ ನಿದರ್ಶನವೊಂದು ಮದ್ದೂರಿನ ಮಗ್ಗುಲಲ್ಲೇ ಇದೆ. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಕೂಡದೆಂದು ಮೈಸೂರು ಸರ್ಕಾರ ನಿಷೇಧಿಸಿತ್ತು, ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಹಾರಿಸಿದರು, ಸೆರೆಯಾದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರೂ ವಲ್ಲಭಭಾಯಿ ಪಟೇಲರೂ ಕುಳಿತು ಮಾಡಿಕೊಂಡ ಒಪ್ಪಂದದಿಂದ ಎರಡು ಬಾವುಟಗಳೂ ಜೊತೆಯಲ್ಲಿ ಹಾರುವಂತಾಯಿತು. ಸರ್ಕಾರ ತನ್ನ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಮೈಸೂರಿನ ಧ್ವಜ ಮಾತ್ರ ಕೆಳಗಿಳಿಯಲಿಲ್ಲ. ಹದಿನೈದು ದಿನ ಮೊದಲು ಆ ಬುದ್ಧಿ ಬಂದಿದ್ದರೆ ವಿದುರಾಶ್ವತ್ಥದ ಜನ ಉಳಿಯುತ್ತಿದ್ದರು.

ಇವೆಲ್ಲ ದೊಡ್ಡವರ ಕಥೆ. ಹೆಲ್ಸಿಂಕಿಯ ಪ್ರಸಂಗವನ್ನು ಓದಿದಂದಿನಿಂದ ನನ್ನನ್ನು ಕಾಡುತ್ತಿರುವುದು ನನ್ನದೇ ಒಂದು ಕಥೆ. ಅದನ್ನು ಈವರೆಗೆ ಬರೆದಿಲ್ಲ.

1991ರ ಡಿಸೆಂಬರು. ಕಾವೇರಿ ನ್ಯಾಯಮಂಡಳಿ ಜೂನಿನಲ್ಲಿ ಕೊಟ್ಟಿದ್ದ 205 ಟಿಎಂಸಿ ಅಡಿಯ ಮಧ್ಯಂತರ ಆದೇಶ ಆ ತಿಂಗಳು ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಗಿ, ಬೆಂಗಳೂರು ಹೊತ್ತಿ ಉರಿದಿತ್ತು. ಮೈಸೂರು, ಮಂಡ್ಯ ಜಿಲ್ಲೆಗಳಲ್ಲೂ ತಮಿಳರ ಮನೆಗಳ ಮೇಲೆ ಕೈ ಬಿದ್ದಿತ್ತು. ನಾನು ಆಗ ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಕನ್ನಡದ ಮೇಷ್ಟ್ರು, ಮೂವತ್ತು ದಾಟಿರಲಿಲ್ಲ. ಕೆಲವು ದಿನ ಮುಚ್ಚಿದ್ದ ಶಾಲೆ ತೆರೆದ ದಿನ, ಎಂಟನೆಯ ತರಗತಿಯಲ್ಲಿ ಪಾಠ ಬಿಟ್ಟು ಕಾವೇರಿಯ ಮಾತೆತ್ತಿದೆ. ಹುಡುಗರ ಕಣ್ಣುಗಳು ಅರಳುವುದನ್ನು ಕಂಡಾಗ ಉಪಾಧ್ಯಾಯನ ನಾಲಿಗೆಗೆ ಲಗಾಮು ಇರುವುದಿಲ್ಲ. ನಮ್ಮ ನೀರು ಕುಡಿದು ನಮಗೇ ದ್ರೋಹ ಬಗೆಯುವ ಕೃತಘ್ನ ಜನ ಎಂದೆ. ಇನ್ನೂ ಏನೇನೋ ಎಂದೆ. ಮೂರನೆಯ ಬೆಂಚಿನಲ್ಲಿ, ಸಕ್ಕರೆ ಕಾರ್ಖಾನೆಯ ಕೆಲಸಕ್ಕೆಂದು ಎರಡು ತಲೆಮಾರಿನ ಹಿಂದೆ ಬಂದು ನೆಲೆಸಿದ ತಮಿಳು ಮನೆಯ ಹುಡುಗನೊಬ್ಬ ಕುಳಿತಿದ್ದ. ಕನ್ನಡದಲ್ಲಿ ಅವನೇ ತರಗತಿಗೆ ಮೊದಲಿಗ. ಅವನು ಅಲ್ಲಿದ್ದಾನೆಂಬುದು ನನಗೆ ಗೊತ್ತಿರಲಿಲ್ಲವೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಗೊತ್ತಿತ್ತು.

ಮರುದಿನ ಅವನು ಬರಲಿಲ್ಲ. ಮೂರನೆಯ ದಿನವೂ ಇಲ್ಲ. ಪೇಟೆಬೀದಿಯಲ್ಲಿ ಅವನ ತಂದೆ ಎದುರಾದರು. ನಾನು ಅವಸರವಸರವಾಗಿ, “ನಾನು ಹೇಳಿದ್ದು ನಿಮ್ಮಂಥವರನ್ನಲ್ಲ” ಎಂದೆ. ಅವರು ಕೈಜೋಡಿಸಿ, “ಇರ್ಲಿ ಬಿಡಿ ಸಾರ್, ನೀವ್ ದೊಡ್ಡೋರು” ಎಂದರು. ಆ ಕೈಜೋಡಣೆಯನ್ನು ಕ್ಷಮೆಯೆಂದು ಬಗೆದು ನಾನು ಹಗುರಾದೆ. ಅದು ಕ್ಷಮೆಯಾಗಿರಲಿಲ್ಲ, ಆ ವಾರ ಬೀದಿಯಲ್ಲಿ ನಡೆದು ಮನೆ ಸೇರಬೇಕಾದವನ ಜಾಗರೂಕತೆ ಎಂದು ತಿಳಿದದ್ದು ತಡವಾಗಿ.

ಹುಡುಗ ಬಂದ ದಿನ ಪಡಸಾಲೆಯಲ್ಲಿ ಅವನನ್ನು ಪಕ್ಕಕ್ಕೆ ಕರೆದು, ಬೆನ್ನ ಮೇಲೆ ಕೈಯಿಟ್ಟು, ಬೇಸರ ಮಾಡಿಕೊಳ್ಳಬೇಡ ಎಂದೆ. ಅವನು ನೆಲ ನೋಡುತ್ತ ನಿಂತಿದ್ದು, “ನೀವು ಅದನ್ನ ಕ್ಲಾಸಲ್ಲಿ ಹೇಳಿದ್ರಿ ಸಾರ್” ಎಂದ. ಬೇರೆ ಒಂದು ಶಬ್ದವಿಲ್ಲ.

ಕ್ಲಾಸಿನಲ್ಲಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಆ ವಾರ ನಾನು ಹೆದರಿದ್ದು ಆ ಹುಡುಗನಿಗಲ್ಲ, ತಮಿಳರಿಗಂತೂ ಅಲ್ಲವೇ ಅಲ್ಲ. ನಾನು ಹೆದರಿದ್ದು ಉಪಾಧ್ಯಾಯರ ಕೊಠಡಿಗೆ. ಮೇಷ್ಟ್ರು ತಮಿಳರಿಗೆ ಬಗ್ಗಿದರಂತೆ ಎಂಬ ಒಂದು ಮಾತು ಅಲ್ಲಿಂದ ಹೊರಟರೆ ಸಂಜೆಯೊಳಗೆ ಊರು ಮುಟ್ಟುತ್ತದೆ. ಹೆಲ್ಸಿಂಕಿಯಿಂದ ಹಿಂದಿರುಗಿದ ಅಧ್ಯಕ್ಷರ ಚಿತ್ರವನ್ನು ನೋಡಿದಾಗ ನನಗೆ ನೆನಪಾದದ್ದು ಆ ಕೊಠಡಿ. ಅವರು ತಿದ್ದಿಕೊಂಡದ್ದು ರಷ್ಯಕ್ಕಾಗಿ ಅಲ್ಲ, ತಮ್ಮ ಮನೆಯವರಿಗಾಗಿ. 2005ರಲ್ಲಿ ಕರಾಚಿಯಲ್ಲಿ ಜಿನ್ನಾ ಅವರನ್ನು ಮೆಚ್ಚಿ ಎರಡು ಮಾತು ಬರೆದ ತಪ್ಪಿಗೆ ಭಾರತೀಯ ಜನತಾ ಪಕ್ಷದ ಅಧ್ಯಕ್ಷ ಅಡ್ವಾಣಿಯವರಿಗೆ ಸಿಟ್ಟಿನ ಸ್ವಾಗತ ಕಾದಿದ್ದುದು ಅವರ ಪಕ್ಷದೊಳಗೇ. ರಾಜೀನಾಮೆ ಕೊಟ್ಟು ಹಿಂದಕ್ಕೆ ಪಡೆದರು, ವರ್ಷದ ಕೊನೆಗೆ ಅಧ್ಯಕ್ಷ ಪದವಿ ಹೋಯಿತು, ಮಾತನ್ನು ಮಾತ್ರ ಅವರು ಹಿಂದಕ್ಕೆ ಪಡೆಯಲಿಲ್ಲ. ಎದುರಾಳಿಯನ್ನು ಬೈಯುವಾಗಲೂ ಹೊಗಳುವಾಗಲೂ ನಮ್ಮ ಕಿವಿ ಇರುವುದು ನಮ್ಮವರ ಕಡೆಗೇ.

ಸೋಮವಾರ ಮೊದಲನೆಯ ಪಿರಿಯಡ್ಡು. ಹಾಜರಿ ಕೂಗಿ ಪುಸ್ತಕ ಮುಚ್ಚಿದೆ. ಹೋದ ವಾರ ತಮಿಳರನ್ನು ಕುರಿತು ನಾನು ಆಡಿದ ಮಾತು ತಪ್ಪು, ಒಂದು ಜನವನ್ನು ಹಾಗೆ ಅನ್ನಬಾರದಾಗಿತ್ತು, ನೀವು ಅದನ್ನು ಬರೆದುಕೊಂಡಿದ್ದರೆ ಹೊಡೆದುಹಾಕಿ ಎಂದೆ. ನಮ್ಮ ಜಿಲ್ಲೆಗೆ ನೀರು ಬೇಕು, ಆ ಮಾತನ್ನು ನಾನು ಬಿಡುವುದಿಲ್ಲ ಎಂದೂ ಹೇಳಿದೆ. ಯಾರೂ ನಗಲಿಲ್ಲ, ಯಾರೂ ಹೌದೆನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಪೆನ್ಸಿಲು ಬೀಳಿಸಿದರು. ಎರಡು ದಿನ ಉಪಾಧ್ಯಾಯರ ಕೊಠಡಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. ಮೂರನೆಯ ದಿನ ಅದೇ ಕುರ್ಚಿಯವರು ಬಂದು ಪ್ರಶ್ನೆಪತ್ರಿಕೆಯ ವಿಚಾರ ಮಾತನಾಡಿದರು, ಆ ಮಾತು ಅಲ್ಲಿಗೇ ಮುಗಿಯಿತು.

2003ರಲ್ಲಿ ಎರಡೂ ರಾಜ್ಯಗಳ ರೈತರು ಕಾವೇರಿ ಕುಟುಂಬವೆಂಬ ಹೆಸರಿನಲ್ಲಿ ಸೇರಿ, ಒಬ್ಬರ ಗದ್ದೆಯನ್ನು ಒಬ್ಬರು ಹೋಗಿ ನೋಡಿಬಂದರೆಂದು ಪತ್ರಿಕೆಯಲ್ಲಿ ಓದಿದಾಗ, ಆ ಹುಡುಗ ಎಲ್ಲಿದ್ದಾನೋ ಎಂದುಕೊಂಡೆ. ಆಗ ಅವನಿಗೆ ಇಪ್ಪತ್ತೈದರ ಪ್ರಾಯವಾಗಿರಬೇಕು.

ಆ ಸೋಮವಾರ ನಾನು ಮಾತು ಮುಗಿಸಿ ಮೂರನೆಯ ಬೆಂಚಿನ ಕಡೆ ನೋಡುವ ಧೈರ್ಯವಿಲ್ಲದೆ ಕಪ್ಪು ಹಲಗೆಯ ಕಡೆ ತಿರುಗಿದೆ. ತಾರೀಖು ಬರೆದೆ. ಹಿಂದಿನಿಂದ ಪುಸ್ತಕ ತೆರೆಯುವ ಸದ್ದಾಯಿತು. ಆಮೇಲೆ ಅವನ ದನಿ.

“ಎಷ್ಟನೇ ಪುಟ ಸಾರ್?”